ಆರು ವಾರದ ಹಣ್ಣು

ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ ಆಗಸ್ಟ್ ಅರ್ಧ ಕಳೆಯಿತೆಂದರೆ ಹಿತ್ತಿಲಲ್ಲಿ ಮಿರಾಬೆಲ್ ಮರ ಇರುವವರು ಹಣ್ಣಿನ ಬಕೆಟ್ ಹಿಡಿದು ನೆರೆಮನೆಗಳಿಗೆ ಹೊರಡುತ್ತಾರೆ. ಅದನ್ನು ಔದಾರ್ಯ ಅಂದುಕೊಳ್ಳಬೇಡಿ. ಮರದ ಹಣ್ಣೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಮಾಗುತ್ತದೆ, ಕೆಳಗಿಳಿದ ಮೇಲೆ ಜಾಸ್ತಿ ದಿನ ತಡೆಯುವುದಿಲ್ಲ. ಯಾರಿಗಾದರೂ ಕೊಡಲೇಬೇಕು, ಅಲ್ವಾ?

ಮಿರಾಬೆಲ್ ಪ್ಲಮ್ ಜಾತಿಯದೇ, ಗಾತ್ರ ಮಾತ್ರ ನೆಲ್ಲಿಕಾಯಿಯಷ್ಟು. ಹಳದಿ ಮೈ, ಬಿಸಿಲು ಬಿದ್ದ ಕಡೆ ಕೆಂಪು ಚುಕ್ಕೆ. ಪ್ಲಮ್ ಅಂದರೆ ಹುಳಿಗೆ ಕಣ್ಣು ಕಿರಿದು ಮಾಡಿಕೊಂಡೇ ಕಚ್ಚುವವರು ನಾವು. ಇದರಲ್ಲಿ ಹುಳಿ ಹೆಸರಿಗಷ್ಟೇ. ಒತ್ತಿದರೆ ಗೊರಟು ತಾನೇ ಕಳಚಿಕೊಳ್ಳುತ್ತದೆ. ಅಡುಗೆ ಮಾಡುವವರಿಗೆ ಇನ್ನೇನು ಬೇಕು!

ಮೊದಲು ಇಲ್ಲಿ ದ್ರಾಕ್ಷಿ ಜಾಸ್ತಿ ಇತ್ತು. 19ನೇ ಶತಮಾನದ ಕೊನೆಗೆ ಫಿಲೊಕ್ಸೆರಾ ಎಂಬ ಪುಟ್ಟ ಕೀಟ ಬೇರಿಗೇ ಬಾಯಿ ಹಾಕಿತು. ಬಳ್ಳಿ ಹೋದ ಎಷ್ಟೋ ಇಳಿಜಾರುಗಳಿಗೆ ಮಿರಾಬೆಲ್ ಬಂತು. ಈಗ ಪ್ರಪಂಚದ ಮಿರಾಬೆಲ್‌ನಲ್ಲಿ ಬಹುಪಾಲು ಲೊರೇನಿನದೇ. 1996ರಿಂದ ಯುರೋಪಿನ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನಾನ್ಸಿ ತಳಿ ತುಸು ದಪ್ಪ, ಹಾಗೇ ತಿನ್ನಲು ಚೆನ್ನ. ಮೆಸ್ ತಳಿ ಸಣ್ಣದು, ಜಾಮಿಗೆ ಒಳ್ಳೆಯದು. ಈ ಎರಡು ಊರುಗಳಿಗೆ ಮೊದಲಿಂದಲೂ ಪೈಪೋಟಿ. ಹಣ್ಣಿನ ವಿಷಯದಲ್ಲಿ ನಾನು ಯಾರ ಪರವೂ ಇಲ್ಲ, ಎರಡನ್ನೂ ತಿನ್ನುತ್ತೇನೆ.

ಟಾರ್ಟ್ ಅಂದರೆ ಲಟ್ಟಿಸಿದ ಹಿಟ್ಟಿನ ಮೇಲೆ ಹಣ್ಣು ಜೋಡಿಸಿ ಬೇಯಿಸುವ ತಿನಿಸು. ಅದನ್ನು ಮಾಡುವಾಗ ಶತ್ರು ಒಂದೇ, ರಸ. ಒಲೆಯೊಳಗೆ ಹಣ್ಣು ನೀರು ಬಿಟ್ಟರೆ ತಳದ ಹಿಟ್ಟು ಮುದ್ದೆಯಾಗುತ್ತದೆ. ಅದಕ್ಕೇ ಮೊದಲು ಹಿಟ್ಟಿನ ಮೇಲೆ ಒಂದಿಷ್ಟು ಸಣ್ಣ ರವೆಯನ್ನೋ ಬಾದಾಮಿ ಪುಡಿಯನ್ನೋ ಉದುರಿಸುತ್ತಾರೆ. ಹಣ್ಣನ್ನು ಸೀಳಿ, ಸಿಪ್ಪೆ ಕೆಳಗೆ ಮಾಡಿ, ಒತ್ತೊತ್ತಾಗಿ ಜೋಡಿಸುತ್ತಾರೆ. ರಸ ಆ ಪುಟ್ಟ ಬಟ್ಟಲುಗಳಲ್ಲೇ ಕುದಿಯುತ್ತದೆ. ಸಕ್ಕರೆ ಹಾಕುವುದು ಟಾರ್ಟ್ ಬೆಂದ ಮೇಲೆ. ಮೊದಲೇ ಹಾಕಿದರೆ ಅದೇ ನೀರೆಳೆಯುತ್ತದೆ. ಮೇಲೆ ಮೊಟ್ಟೆ, ಕೆನೆ ಸುರಿಯುವವರೂ ಇದ್ದಾರೆ. ಸುಮ್ನೆ ದಂಡ ಅನ್ನಿಸುತ್ತದೆ ನನಗೆ, ಹಣ್ಣಿನ ಪರಿಮಳ ಅಡಗಿಹೋಗುತ್ತದೆ.

ಸೆಪ್ಟೆಂಬರ್ ಕೊನೆಗೆ ಎಲ್ಲ ಮುಗಿಯಿತು. ಹಾಗಾಗಿ ಆ ಆರು ವಾರವೂ ಮನೆಮನೆಯಲ್ಲಿ ಶೀಶೆ ತೊಳೆಯುವ ಕೆಲಸ. ಕೆಲವರು ಗೊರಟು ತೆಗೆದು ಫ್ರೀಜರಿಗೆ ತುಂಬುತ್ತಾರೆ. ಚಳಿಗಾಲದಲ್ಲಿ ಅದನ್ನು ಕರಗಿಸದೆ ಹಾಗೇ ಹಿಟ್ಟಿನ ಮೇಲೆ ಹರಡಬೇಕು, ಇಲ್ಲದಿದ್ದರೆ ಮತ್ತೆ ರಸದ ಕಾಟ. ಉಳಿದದ್ದು ಹುದುಗು ಬಂದ ಮೇಲೆ ಭಟ್ಟಿಗೆ ಹೋಗಿ, ಬಣ್ಣವಿಲ್ಲದ ಬ್ರಾಂದಿಯಾಗಿ ಬರುತ್ತದೆ. ಭಾರಿ ಊಟವಾದ ಮೇಲೆ ಅರಗಲಿ ಎಂದು ಪುಟ್ಟ ಲೋಟದಲ್ಲಿ ಕೊಡುತ್ತಾರೆ. ಊಟ ಅರಗುತ್ತದೋ ಇಲ್ಲವೋ, ಗಂಟಲಂತೂ ಉರಿಯುತ್ತದೆ. ನನ್ನ ಓಟು ಜಾಮಿಗೇ. ಚಪಾತಿಗೂ ಆಗುತ್ತೆ.