ರಥಬೀದಿಯಲ್ಲಿ ರಥಕ್ಕೆ ಜಾಗ ಉಂಟು, ಆಯಿಗೆ ಇಲ್ಲ

ಶನಿವಾರ ಬೆಳಿಗ್ಗೆ ಬಿಪಿ ಮಾತ್ರೆ ತರ್ತೆ ಅಂತ ಹೊರಟ ಆಯಿ ಐದೇ ನಿಮಿಷಕ್ಕೆ ವಾಪಸ್ ಬಂದು ಜಗಲಿ ಮೇಲೆ ಕೂತಳು. ಕೈಚೀಲದ ಹಿಡಿಕೆ ಹರಿದಿತ್ತು. ಯಾವುದೋ ದೊಡ್ಡ ಕಾರಿನ ಕನ್ನಡಿಗೆ ಸಿಕ್ಕಿಕೊಂಡು ಎಳೆದಿದೆ. ಕಾರಿನವ ಗಾಜು ಇಳಿಸಿ "ಆಂಟಿ, ನೋಡ್ಕೊಂಡು ನಡೀರಿ" ಅಂದನಂತೆ. ಮದುವೆಯಾಗಿ ಈ ಬೀದಿಗೆ ಬಂದು ಐವತ್ತು ವರ್ಷ ಆದವಳಿಗೆ! "ಇನ್ಮೇಲೆ ನಾ ಮಂಗಳವಾರವೇ ಪೇಟೆಗೆ ಹೋಗ್ತೆ ಮಾರಾಯ" ಅಂದಳು. ಮಾತ್ರೆ ಶನಿವಾರ ಮುಗಿದ್ರೆ ಎಂತ ಮಾಡೋದು?

ಇದು ಗೋಕರ್ಣದ ರಥಬೀದಿ. ಗಣಪತಿಗೆ ಕೈಮುಗಿದು, ಮಹಾಬಲೇಶ್ವರನ ದರ್ಶನ ಮಾಡಿ, ಹಾಗೇ ಮುಂದೆ ನಡೆದ್ರೆ ಸಮುದ್ರ. ನಡೆಯೋರಿಗೆ ಅಂತಲೇ ಆದ ಬೀದಿ. ಈಗ ವಾರಾಂತ್ಯಕ್ಕೆ ರಜೆ ಒಂದು ಸೇರ್ಕೊಂಡ್ರೆ ಸಾಕು, ಬೆಂಗಳೂರು, ಹೈದರಾಬಾದ್, ಗೋವಾ ನಂಬರ್ ಪ್ಲೇಟುಗಳ ಸಾಲು. ಒಳಗೆ ಬಂದ ಮೇಲೆ ತಿರುಗಿಸೋಕೆ ಜಾಗ ಇಲ್ಲ, ಹಾರ್ನ್ ಹೊಡೆಯೋಕೆ ಮಾತ್ರ ಉಂಟು. ನಡುವೆ ಬಾಡಿಗೆ ಸ್ಕೂಟರ್ ಹುಡುಗರು. ಬಸಳೆ, ಹರಿವೆ, ಹೂವು ಹಿಡ್ಕೊಂಡು ಬೆಳಗಿನ ಬಸ್ಸಿಗೆ ಬರೋ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿ ಸರಿಸಿ ಸರಿಸಿ ಈಗ ಗಟಾರದ ಅಂಚಿಗೆ ಬಂದು ಕೂತಿದ್ದಾರೆ. ಇನ್ನೊಂದು ಗೇಣು ಸರಿಸಿದ್ರೆ ಒಳಗೇ.

ಇದಕ್ಕಿಂತ ಉರಿದದ್ದು ಆ ಸಭೆಯಲ್ಲಿ. ಸಂಚಾರ ಯೋಜನೆ ಮಾಡ್ತೇವೆ, ಸಾರ್ವಜನಿಕರ ಅಭಿಪ್ರಾಯ ಬೇಕು ಅಂತ ಹಿಂದಿನ ದಿನ ಸಂಜೆ ವಾಟ್ಸಾಪಿನಲ್ಲಿ ಬಂತು. ಸಭೆ ಬುಧವಾರ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಮೀನಿನವರು, ರಿಕ್ಷಾದವರು, ಹೂವಿನವರು ಯಾರು ಬರ್ತಾರೆ? ಬಂದವರು ಹೋಟೆಲು, ರೆಸಾರ್ಟಿನವರು, ಮತ್ತೆ ನನ್ನಂಥ ಕೆಲಸ ಬಿಟ್ಟು ಬಂದ ನಾಲ್ಕು ಮಂದಿ. ಪರದೆ ಮೇಲೆ ಎಲ್ಲಾ ಇಂಗ್ಲಿಷು. ನಕ್ಷೆಯಲ್ಲಿ ಪಾರ್ಕಿಂಗ್ ಇತ್ತು, ಸೆಲ್ಫಿ ಪಾಯಿಂಟ್ ಇತ್ತು, ಓಂ ಬೀಚಿಗೆ ಅಗಲ ರಸ್ತೆ ಇತ್ತು. ಗುಡ್ಡ ಹತ್ತಿ ಕುಡ್ಲೆ ಬೀಚಿಗೆ ಇಳಿಯೋ ನಮ್ಮ ಕಾಲುದಾರಿ ಇರಲಿಲ್ಲ. ಕೇಳಿದೆ. "ಅದು ರಸ್ತೆ ಅಲ್ಲವಲ್ಲ ಸರ್" ಅಂದ್ರು. ಹೌದು, ರಸ್ತೆ ಅಲ್ಲ. ನಾನು ಚಡ್ಡಿ ಹಾಕ್ಕೊಳ್ಳೋ ಕಾಲದಿಂದ ಅದರಲ್ಲೇ ನಡೀತಾ ಇದ್ದೇನೆ, ಅಷ್ಟೇ.

ರಾತ್ರಿ ಎದೆನೋವು ಬಂದ್ರೆ ಕುಮಟಾಕ್ಕೆ ಓಡಬೇಕು, ದೊಡ್ಡದಾದ್ರೆ ಮಣಿಪಾಲವೋ ಗೋವಾವೋ. ಆಂಬುಲೆನ್ಸ್ ಈ ಬೀದಿಯಿಂದ ಹೊರಗೆ ಬೀಳೋದು ಹೇಗೆ ಅಂತಲೂ ಕೇಳಿದೆ. "ನೋಟ್ ಮಾಡ್ಕೊಂಡಿದ್ದೇವೆ" ಅಂದ್ರು. ಪೆನ್ನಿನ ಮುಚ್ಚಳ ತೆಗೆದದ್ದು ನಾನಂತೂ ನೋಡಲಿಲ್ಲ.

ಕಾರೇ ಬೇಡ ಅಂತ ಯಾರೂ ಹೇಳ್ತಾ ಇಲ್ಲ. ನಮ್ಮನೆ ಅನ್ನವೂ ಬರೋ ಜನರಿಂದಲೇ. ಆದ್ರೆ 2020ರಿಂದ ಬೆಂಗಳೂರಿನ ಪಂಚಗಂಗಾ ರೈಲು ಗೋಕರ್ಣ ರೋಡ್ ಸ್ಟೇಷನ್ನಿಗೆ ದಿನಾ ಬರ್ತದೆ. ಸ್ಟೇಷನ್ ಊರಿಂದ ಸುಮಾರು ಹತ್ತು ಕಿಲೋಮೀಟರು ದೂರ. ರೈಲಿನ ಹೊತ್ತಿಗೆ ಸರಿಯಾಗಿ ನಾಲ್ಕು ಮಿನಿಬಸ್ ನಿಂತಿದ್ರೆ ಅರ್ಧ ಮಂದಿ ಕಾರನ್ನು ಮನೇಲೇ ಬಿಟ್ಟು ಬರ್ತಿದ್ರು. ಉಳಿದ ಕಾರು ಊರ ಹೊರಗೆ ನಿಲ್ಲಲಿ, ಅಲ್ಲಿಂದ ನಮ್ಮ ರಿಕ್ಷಾದವರು ಕರ್ಕೊಂಡು ಬರ್ತಾರೆ, ಅವರಿಗೂ ಬಾಡಿಗೆ ಆಯ್ತು. ಮಹಾರಾಷ್ಟ್ರದ ಮಾಥೇರಾನಿನಲ್ಲಿ ಪ್ರವಾಸಿಗರ ಕಾರನ್ನು ಊರ ಹೊರಗಿನ ದಸ್ತೂರಿಯಲ್ಲೇ ನಿಲ್ಲಿಸ್ತಾರೆ. ಪುದುಚೇರಿಯ ಕಡಲ ದಂಡೆ ರಸ್ತೆಗೆ ಸಂಜೆ ಆದ್ರೆ ವಾಹನ ಬಿಡೋದಿಲ್ಲ. ಅಲ್ಲಿಗೆ ಹೋಗೋದನ್ನು ಜನ ಬಿಟ್ಟಿದ್ದಾರಾ?

ಅಷ್ಟು ದೂರ ಯಾಕೆ, ಶಿವರಾತ್ರಿ ತೇರಿಗೆ ನಮ್ಮೂರಲ್ಲೇ ಏನು ಮಾಡ್ತೇವೆ? ಗಾಡಿಗಳನ್ನೆಲ್ಲ ದೂರ ನಿಲ್ಲಿಸಿ ಸಾವಿರಗಟ್ಟಲೆ ಜನ ನಡ್ಕೊಂಡೇ ಬರ್ತಾರೆ. ತೇರು ಎಳೀತಾರೆ, ಬಾಳೆಹಣ್ಣು ಎಸೀತಾರೆ, ಹೋಗ್ತಾರೆ. ಆ ದಿನ ಆಯಿ ಜಗಲಿಯಿಂದ ಇಳಿದು ತೇರಿನ ಹಗ್ಗ ಮುಟ್ಟಿ ಬರ್ತಾಳೆ. ದೇವರ ತೇರಿಗೆ ಆಗೋದು ಆಯಿಯ ಮಾತ್ರೆಗೆ ಯಾಕಾಗೋದಿಲ್ಲ?

ಸಭೆ ಮುಗಿದ ಮೇಲೆ ಹಾಜರಿ ಪುಸ್ತಕ ಕೊಟ್ರು, ಸಹಿ ಹಾಕಿದೆ. ಮನೆಗೆ ಬರ್ತಾ ಹೊಳೀತು, ನಾಳೆ ಫೈಲಿನಲ್ಲಿ "ಸ್ಥಳೀಯರ ಅಭಿಪ್ರಾಯ ಪಡೆಯಲಾಗಿದೆ" ಅನ್ನೋದಕ್ಕೆ ದಾಖಲೆ ನನ್ನದೇ ಸಹಿ. ಮುಂದಿನ ಸಲ ಸಭೆ ಕರೆದ್ರೆ ಆಯಿಯನ್ನೇ ಕರ್ಕೊಂಡು ಬರ್ತೇನೆ. ಶನಿವಾರ ಮಾತ್ರ ಇಡಬೇಡಿ ಮಾರಾಯ್ರೆ, ಅವಳಿಗೆ ಬೀದಿ ದಾಟೋಕಾಗೋದಿಲ್ಲ.