ಬಟನ್ ಬದಲಿ ಮಾಡಿದ್ರ ವೈರಿಂಗ್ ಬದಲಿ ಆಗಂಗಿಲ್ರಿ

ದಸರಾ ದೀಪಾವಳಿ ಹತ್ರ ಬಂತಂದ್ರ ನಮ್ಮ ಹುಬ್ಬಳ್ಳಿ ಧಾರವಾಡ ಕಡೆ ಮನಿ ಮನಿಗೂ ಸುಣ್ಣ ಬಣ್ಣ ಶುರು ಆಗ್ತೈತಿ, ಅದರ ಜೋಡಿ ವೈರಿಂಗ್ ಕೆಲಸ ಮಾಡೋ ನನಗ ಫೋನ್ ಶುರು ಆಗ್ತಾವು. "ಅಣ್ಣಾರ, ಬಟನ್ ಎಲ್ಲಾ ಹಳದಿ ಆಗ್ಯಾವು, ಮಾಡ್ಯುಲರ್ ಹಾಕ್ಕೊಡ್ರಿ." ಹಾಕ್ಕೊಡ್ತೀನ್ರಿ, ಆದ್ರ ಮೊದಲ ಗೋಡಿಯೊಳಗ ವೈರ್ ಏನೈತಿ ಬಿಚ್ಚಿ ನೋಡೋಣ ಅಂದ್ರ ಅರ್ಧ ಮಂದಿ ಸುಮ್ಮನಾಗಿ ಬಿಡ್ತಾರ. ಕೆಲಸ ಬೆಳಸಾಕ ಹೇಳ್ತಾನ ಅಂತ ಅನ್ಕೋತಾರ. ಇದರ ಬಗ್ಗೆ ಬಹಳ ದಿವಸದಿಂದ ಬರೀಬೇಕು ಅನ್ಕೊಂಡಿದ್ದೆ, ಉದ್ದ ಆಗ್ತೈತಿ, ಪುರಸೊತ್ತು ಮಾಡ್ಕೊಂಡು ಓದ್ರಿ.

ಧಾರವಾಡ ಹಳೇ ಊರಾಗ, ಗದಗ-ಬೆಟಗೇರ್ಯಾಗ, ಹಾವೇರಿ ಕಡೆ ಇನ್ನೂ ಮಣ್ಣಿನ ಗೋಡಿ, ಜಂತಿ ಹಾಕಿದ ಮಾಳಿಗಿ ಮನಿ ಬೇಕಾದಷ್ಟದಾವು. ಅಂಥಾ ಮನಿಯಾಗ ಕಟ್ಟಿಗಿ ಪಟ್ಟಿ ಮ್ಯಾಲ ಕ್ಲಿಪ್ ಹೊಡದು ಎಳೆದ ಕರೇ ರಬ್ಬರ್ ವೈರು ನಮ್ಮಜ್ಜಾರ ಕಾಲದ್ದು ಇವತ್ತಿಗೂ ನಡ್ಯಾಕತ್ತೈತಿ. ಹೊರಗಿಂದ ನೋಡಿದ್ರ ಗಟ್ಟಿ ಕಾಣ್ತೈತಿ. ಕೈಯಾಗ ಹಿಡದು ಸ್ವಲ್ಪ ಬಾಗಿಸಿದ್ರ ಮ್ಯಾಲಿನ ರಬ್ಬರು ಹಪ್ಪಳ ಮುರದಂಗ ಚೂರು ಚೂರು ಉದರ್ತೈತಿ, ಒಳಗಿನ ತಾಮ್ರ ಬರೇ ಮೈಯಾಗಿ ನಿಂತಿರ್ತೈತಿ. ಅದೂ ಎಲ್ಲಿ, ಒಣಗಿದ ಜಂತಿ ಪಕ್ಕಕ್ಕ. ಜ್ವಾಳದ ಚೀಲ ಇಟ್ಟ ಕೋಲಿ ಆದ್ರ ಇಲಿ ಬ್ಯಾರೆ ಕಡದಿರ್ತಾವು.

ಇನ್ನ ಎಪ್ಪತ್ತು ಎಂಬತ್ತರ ದಶಕದಾಗ ಆರ್‌ಸಿಸಿ ಮನಿ ಕಟ್ಟಿಸಿದವ್ರು "ನಮ್ಮದು ಪೈಪಿನೊಳಗಿನ ವೈರಿಂಗ್ರಿ, ಏನೂ ಆಗಂಗಿಲ್ಲ" ಅಂತಾರ. ಅವಾಗ ಬಹಳ ಮನಿಗೆ ಹಾಕಿದ್ದು ಅಲ್ಯೂಮಿನಿಯಂ ವೈರು. ಅಲ್ಯೂಮಿನಿಯಂ ಅಂದ್ರ ವಿಷ ಅಂತ ನಾ ಹೇಳಾಕತ್ತಿಲ್ಲ, ಕಂಬದಿಂದ ಕಂಬಕ್ಕ ಬರೋ ಲೈನೂ ಅದ ಇರ್ತೈತಿ. ತೊಂದ್ರಿ ಇರೋದು ಜಾಯಿಂಟಿನಾಗ. ಅದು ಮೆತ್ತನ್ನ ಲೋಹ, ಸ್ಕ್ರೂ ಬಿಗಿ ಮಾಡಿದ್ರೂ ಬಿಸಿ ಆಗಿ ತಣ್ಣಗಾಗಿ ಆಗಿ ವರ್ಷಗಳ ಮ್ಯಾಲ ಸಡ್ಲಾಗ್ತೈತಿ, ಗಾಳಿ ತಾಗಿ ಮ್ಯಾಲ ಬಿಳೇ ಪದರ ಕಟ್ಟತೈತಿ, ಆ ಪದರದಾಗ ಕರೆಂಟ್ ಸರಿ ಹರ್ಯಂಗಿಲ್ಲ, ಹರ್ಯಂಗಿಲ್ಲ ಅಂದ್ರ ಅಲ್ಲೇ ಬಿಸಿ. ಮುಂದ ಯಾರೋ ಬಂದು ಹೊಸಾ ತಾಮ್ರದ ವೈರು ತಂದು ಅದಕ್ಕ ತಿರುವಿ ಕೂಡಿಸಿ ಟೇಪ್ ಸುತ್ತಿ ಹೋಗಿರ್ತಾರ. ಎರಡು ಬ್ಯಾರೆ ಬ್ಯಾರೆ ಲೋಹ, ಮಳಿಗಾಲದ ತ್ಯಾವ ಬ್ಯಾರೆ, ಜಾಯಿಂಟ್ ತಿಂದು ಹಾಕ್ತೈತಿ. ಲೈಟ್ ಮಿಣುಕ್ ಮಿಣುಕ್ ಅಂತಾವು, ಬಟನ್ ಸುತ್ತ ಕಂದು ಕಲಿ ಬಿದ್ದೈತಿ, ಬೋರ್ಡ್ ಹತ್ರ ಸುಟ್ಟ ಪ್ಲಾಸ್ಟಿಕ್ ವಾಸನಿ ಬರ್ತೈತಿ ಅಂತ ಯಾರರ ಹೇಳಿದ್ರ ನನಗ ಮೊದಲ ನೆನಪಾಗೋದು ಇಂಥಾ ಜಾಯಿಂಟ.

ಮತ್ತ ಆ ವೈರು ಹಾಕಿದಾಗ ಮನಿಯಾಗ ಇದ್ದದ್ದರ ಏನು? ನಾಕು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಅರವತ್ತು ವ್ಯಾಟ್ ಬಲ್ಬು ಎಳೆಯೋದು ಕಾಲು ಆಂಪ್. ಇವತ್ತು ಬಚ್ಚಲದಾಗಿನ 2000 ವ್ಯಾಟ್ ಗೀಜರ್ ಒಂದ 230 ವೋಲ್ಟಿನ್ಯಾಗ ಹತ್ತತ್ರ 9 ಆಂಪ್ ಎಳಿತೈತಿ, ಇಸ್ತ್ರಿ ಪೆಟ್ಟಿಗಿ ನಾಕೂವರಿ, ಅದರ ಮ್ಯಾಲ ಮಿಕ್ಸರ್, ಫ್ರಿಜ್ಜು, ಬ್ಯಾಸಗಿಗೆ ಎಸಿ. ಕರೆಂಟ್ ಎರಡು ಪಟ್ಟಾದ್ರ ವೈರಿನ ಬಿಸಿ ಎರಡು ಪಟ್ಟಾಗಂಗಿಲ್ರಿ, ನಾಕು ಪಟ್ಟಾಗ್ತೈತಿ. ಇದನ್ನ ತಡೀಲಿ ಅಂತ ಫ್ಯೂಜ್ ಇರೋದು, ಅದು ಮ್ಯಾಲಿಂದ ಮ್ಯಾಲ ಹೋಗ್ತೈತಿ ಅಂತ ಪಿಂಗಾಣಿ ಫ್ಯೂಜಿಗೆ ದಪ್ಪ ತಾಮ್ರದ ಎಳಿ ಸುತ್ತಿಟ್ಟಿರ್ತಾರ. ಆಮ್ಯಾಲ ಫ್ಯೂಜ್ ಹೋಗಂಗಿಲ್ಲ ಖರೆ, ಅದರ ಬದಲಿ ಗೋಡಿಯೊಳಗಿನ ವೈರ್ ಸುಡ್ತೈತಿ. ಫ್ಯೂಜಿನ ಬದಲಿ ಎಂಸಿಬಿ, ಅಂದ್ರ ಕರೆಂಟ್ ಹೆಚ್ಚಾದ್ರ ತಾನ ಬಂದ್ ಆಗೋ ಸ್ವಿಚ್ಚು, ಹಾಕಿಸಿದವ್ರೂ ಇದ ಮಾಡ್ತಾರ, 16 ಆಂಪಿಂದು ಟ್ರಿಪ್ ಆಗ್ತೈತಿ ಅಂತ ಹಳೇ ಸಣ್ಣ ವೈರಿಗೇ 32 ಆಂಪಿಂದು ತಂದು ಕೂಡಿಸ್ತಾರ. ಎಂಸಿಬಿ ಇರೋದು ವೈರ್ ಕಾಯಾಕ. ವೈರ್ ತಡ್ಯೋದಕ್ಕಿಂತ ದೊಡ್ಡ ಎಂಸಿಬಿ ಹಾಕಿದ್ರ ಹಾಕಿದ್ದೂ ಒಂದ, ಬಿಟ್ಟದ್ದೂ ಒಂದ.

ಬೆಟಗೇರ್ಯಾಗ ಒಂದು ನೇಕಾರರ ಮನಿ, ಮಗಳ ಮದುವಿ ಮುಂದಿತ್ತು, ಕಾಕಾರು ಹೊಸಾ ಬಟನ್ ಬೋರ್ಡ್ ಎಲ್ಲಾ ತಂದಿಟ್ಟಿದ್ರು. ಅಡಗಿ ಮನಿ ಬೋರ್ಡ್ ಬಿಚ್ಚಿದ್ರ ಹಿಂದಿನ ಕಟ್ಟಿಗಿ ಪೆಟ್ಟಿಗಿ ಒಂದು ಮೂಲಿ ಪೂರಾ ಕರ್ರಗ ಇದ್ದಲಿ ಆಗಿತ್ತು, ಬಟ್ಟಿನಾಗ ಒರಸಿದ್ರ ಮಸಿ ಹತ್ತತಿತ್ತು, ಮಿಕ್ಸರ್ ಪ್ಲಗ್ಗಿಗೆ ಹೋದ ವೈರಿನ ಪ್ಲಾಸ್ಟಿಕ್ ಕರಗಿ ಪಕ್ಕದ ವೈರಿಗೆ ಅಂಟಿಕೊಂಡಿತ್ತು. "ತಮ್ಮಾ, ದಿನಾ ಇದರ ಮ್ಯಾಲ ಮಸಾಲಿ ಅರೀತೀವಲ್ಲೋ" ಅಂದು ಕಾಕಾರು ಅಲ್ಲೇ ಕಟ್ಟಿ ಮ್ಯಾಲ ಕುಂತ್ರು. ಶಾಮಿಯಾನಾ ಸ್ವಲ್ಪ ಸಣ್ಣದು ಮಾಡಿ ಮದಲ ಮನಿ ಪೂರಾ ವೈರ್ ಎಳಸಿದ್ರು. ಅಂಥಾ ಹಿರ್ಯಾರಿಗೆ ನಾ ಕೈ ಮುಗಿತೀನಿ.

ಈಗ ಅರ್ಥಿಂಗ್ ವಿಷಯಕ್ಕ ಬರ್ತೀನಿ, ಅಂದ್ರ ಸೋರಿದ ಕರೆಂಟ್ ನಮ್ಮ ಮೈಗೆ ಬರದಂಗ ನೆಲಕ್ಕ ಒಯ್ಯೋ ವೈರು, ನನಗ ಎಲ್ಲಾಕ್ಕಿಂತ ಅಂಜಿಕಿ ಇರೋದು ಇಲ್ಲೇ. ಹಳೇ ಕಾಲದಾಗ ಬಹಳ ಮನಿಯಾಗ ಅರ್ಥಿಂಗಿಗೆ ಬ್ಯಾರೆ ಗುಂಡಿ ತೋಡ್ತಿರಲಿಲ್ಲ, ನಳದ ಕಬ್ಬಿಣದ ಪೈಪಿಗೆ ಒಂದು ವೈರ್ ಕಟ್ಟಿ ಬಿಡ್ತಿದ್ರು. ಕಬ್ಬಿಣದ ಪೈಪ್ ನೆಲದೊಳಗ ಇತ್ತು, ಹೆಂಗೋ ನಡೀತಿತ್ತು. ಮುಂದ ಪ್ಲಂಬರ್ ಬಂದು ಪೈಪ್ ಜಂಗ್ ತಿಂದೈತಿ ಅಂತ ಪ್ಲಾಸ್ಟಿಕ್ ಪೈಪ್ ಹಾಕಿ ಹೋದ. ಅವತ್ತ ಆ ಮನಿ ಅರ್ಥಿಂಗ್ ಸತ್ತು ಹೋತು, ಮನಿಯವ್ರಿಗೂ ಗೊತ್ತಿಲ್ಲ, ಪ್ಲಂಬರ್‌ಗೂ ಗೊತ್ತಿಲ್ಲ. ಇನ್ನ ಪೈಪ್ ಹಾಕಿ ಇದ್ದಲಿ ಉಪ್ಪು ತುಂಬಿ ಮಾಡಿದ ಖರೇ ಅರ್ಥಿಂಗ್ ಇದ್ರೂ ನಮ್ಮ ನವಲಗುಂದ, ನರಗುಂದ, ರೋಣದ ಕಡೆ ಎರಿ ಭೂಮಿ, ಬ್ಯಾಸಗ್ಯಾಗ ಕೈ ಹೋಗುವಂಗ ಬಿರುಕು ಬಿಡ್ತೈತಿ, ಮಣ್ಣು ಪೈಪಿನಿಂದ ಸರದು ನಿಂದರ್ತೈತಿ. ಹಂಗಾಗಿ ಬ್ಯಾಸಗ್ಯಾಗ ಗುಂಡಿಗೆ ನೀರು ಹಾಕೋದು, ವರ್ಷಕ್ಕೊಮ್ಮೆ ಅಳತಿ ಮಾಡ್ಸೋದು ನಮ್ಮ ಕಡೆ ಬೇಕ ಬೇಕು.

ಅರ್ಥಿಂಗ್ ಇಲ್ಲದ ಮನಿಯಾಗ ತಗಡಿನ ಕೂಲರ್, ವಾಷಿಂಗ್ ಮಷೀನ್ ಮುಟ್ಟಿದ್ರ ಜುಮ್ ಅಂತೈತಿ. "ಚಪ್ಲಿ ಹಾಕ್ಕೊಂಡು ಮುಟ್ರಿ" ಅಂತ ಮನಿಯಾಗಿನ ಹುಡುಗರಿಗೆ ಕಲಿಸಿರ್ತಾರ! ಜುಮ್ ಅನ್ನೋದು ಮಷೀನ್ ಗುಣ ಅಲ್ರಿ, ಒಳಗ ಎಲ್ಲೋ ಕರೆಂಟ್ ಸೋರಾಕತ್ತೈತಿ. ನಮ್ಮಲ್ಲೆ ಬಹಳ ಏರಿಯಾಕ್ಕ ನೀರು ಬರೋದ ಐದಾರು ದಿನಕ್ಕೊಮ್ಮೆ ವಾರಕ್ಕೊಮ್ಮೆ, ನೀರು ಬಂದ ದಿನ ಅಂಗಳ ಎಲ್ಲಾ ಹಸಿ, ತಾಯಂದಿರು ಬರಿಗಾಲಿನಾಗ ನಿಂತು ಸಂಪಿನ ಮೋಟಾರ್ ಪಿನ್ ಚುಚ್ಚೋದು, ಆ ಪಿನ್ನಿನ ಮೂರನೇ ಕಡ್ಡಿ ಯಾರೋ ಮುರದಿರೋದು. ಆ ಕಡ್ಡಿ ಉಳಿದ ಎರಡಕ್ಕಿಂತ ಉದ್ದ ಮಾಡಿದ್ದ ಯಾಕಂದ್ರ ಕರೆಂಟ್ ತಾಗೂದಕ್ಕಿಂತ ಮೊದಲ ಅರ್ಥಿಂಗ್ ತಾಗಲಿ ಅಂತ. ದಯಮಾಡಿ ಅದನ್ನ ಮುರೀಬ್ಯಾಡ್ರಿ. ಮತ್ತ ಕೆಲವರು ಅರ್ಥಿಂಗ್ ಇಲ್ಲ ಅಂತ ಪ್ಲಗ್ಗಿನೊಳಗ ನ್ಯೂಟ್ರಲ್, ಅಂದ್ರ ಕರೆಂಟ್ ವಾಪಸ್ ಹೋಗೋ ವೈರು, ತಂದು ಅರ್ಥಿಂಗ್ ಜಾಗಾಕ್ಕ ಜೋಡಿಸಿ ಕೊಡ್ತಾರ, ಇದಂತೂ ಜೀವಾ ತಗೊಳ್ಳೋ ಕೆಲಸ, ಹಿಂದ ಎಲ್ಲರ ನ್ಯೂಟ್ರಲ್ ಕಟ್ ಆತಂದ್ರ ಮಷೀನಿನ ಮೈತುಂಬ ಪೂರಾ 230 ವೋಲ್ಟ್ ಬಂದು ನಿಂದರ್ತೈತಿ.

ಇದಕ್ಕ ಆರ್‌ಸಿಸಿಬಿ ಹಾಕಿಸ್ರಿ ಅಂತ ಬಡ್ಕೋತೀನಿ. ಎಂಸಿಬಿ ವೈರ್ ಕಾಯ್ತೈತಿ, ಆರ್‌ಸಿಸಿಬಿ ಮನಷ್ಯಾರನ್ನ ಕಾಯ್ತೈತಿ, ಒಂದರ ಕೆಲಸ ಇನ್ನೊಂದು ಮಾಡಂಗಿಲ್ಲ, ಎರಡೂ ಬೇಕು. ಫೇಸಿನಾಗ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ದಾಗ ವಾಪಸ್ ಬಂತೋ ಇಲ್ಲೋ ಅಂತ ಅದು ನೋಡ್ಕೋತ ಕುಂತಿರ್ತೈತಿ, ವ್ಯತ್ಯಾಸ ಬಂತಂದ್ರ ಕಣ್ಣ ಮುಚ್ಚಿ ತಗ್ಯೂದ್ರಾಗ ಬಂದ್ ಮಾಡ್ತೈತಿ. ಮನಿಗೆ 30 ಮಿಲಿ ಆಂಪಿಂದ ಹಾಕ್ಬೇಕು, 100ರದ್ದು ಅಗ್ಗ ಸಿಕ್ತು ಅಂತ ತರಬ್ಯಾಡ್ರಿ. ಹಳೇ ಮನಿಯಾಗ ಇದನ್ನ ಹಾಕಿದ ಕೂಡ್ಲೆ ಟ್ರಿಪ್ ಆಗಾಕ ಹತ್ತತೈತಿ. ಯಾಕಂದ್ರ ಒಂದು ಕೋಲಿ ನ್ಯೂಟ್ರಲ್ ಇನ್ನೊಂದು ಕೋಲಿಗೆ ಕೂಡಿಸಿರ್ತಾರ, ಇನ್ವರ್ಟರ್ ಹಾಕಿದವ ಅದರದ್ದೂ ಅದರಾಗ ಕಲಸಿರ್ತಾನ, ಇಲ್ಲಾಂದ್ರ ತ್ಯಾವದ ಗೋಡ್ಯಾಗ ಖರೇನ ಸೋರಾಕತ್ತಿರ್ತೈತಿ. ಅದನ್ನ ಹುಡುಕಿ ಬ್ಯಾರೆ ಮಾಡೋದು ತಾಸಗಟ್ಟಲೆ ಕೆಲಸ, ಸಹನಿ ಬೇಕು. ಅದರ ಬದಲಿ "ಇದು ನಿಮ್ಮ ಮನಿಗೆ ಹೊಂದಂಗಿಲ್ರಿ" ಅಂತ ಆರ್‌ಸಿಸಿಬಿನ ಬೈಪಾಸ್ ಮಾಡಿ ಹೋಗ್ತಾರಲ್ಲ, ಅದನ್ನ ಮಾತ್ರ ಒಪ್ಪಬ್ಯಾಡ್ರಿ. ಅದು ಟ್ರಿಪ್ ಆಗಾಕತ್ತೈತಿ ಅಂದ್ರ ಮನಿಯಾಗಿನ ರೋಗ ಹೇಳಾಕತ್ತೈತಿ. ಅದರ ಮ್ಯಾಲ ಟಿ ಅಂತ ಒಂದು ಸಣ್ಣ ಬಟನ್ ಇರ್ತೈತಿ, ತಿಂಗಳಿಗೊಮ್ಮೆ ಒತ್ತಿ ನೋಡ್ರಿ, ಕೆಳಗ ಬೀಳಬೇಕು, ಬೀಳಲಿಲ್ಲ ಅಂದ್ರ ಬದಲಿ ಮಾಡ್ರಿ.

ಕಾನೂನು ಏನ್ ಹೇಳ್ತೈತಿ ಅಂತ ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ 2010ರಾಗ ಬಂದಿದ್ವು, ಈಗ ನಡಿಯೋದು 2023ರವು. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಇಂಥಾವು ಇದ್ದ ಜಾಗಾಕ್ಕ ಬದಲಿ ಮಾಡೋದು ಬಿಟ್ರ, ಹೊಸಾ ವೈರಿಂಗ್ ಆಗಲಿ ಇದ್ದದ್ದನ್ನ ಬದಲಿ ಮಾಡೋದಾಗಲಿ ಸರ್ಕಾರದ ಲೈಸೆನ್ಸ್ ಇರೋ ಗುತ್ತಿಗೆದಾರನ ಕಡಿಂದ, ಪರ್ಮಿಟ್ ಇರೋ ವೈರ್‌ಮನ್ ಕೈಯಾಗ, ಸರ್ಟಿಫಿಕೇಟ್ ಇರೋ ಸುಪರ್ವೈಸರ್ ಮುಂದ ಆಗ್ಬೇಕು. ನಮ್ಮ ರಾಜ್ಯದಾಗ ಈ ಲೈಸೆನ್ಸ್ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಟೈಲ್ಸ್ ಅಂಗಡ್ಯಾಗ ತಾಸುಗಟ್ಟಲೆ ನಿಂತು ಆರಸ್ತೀರಿ, ವೈರಿಂಗ್ ಮಾಡಾಕ ಬಂದವನಿಗೆ "ತಮ್ಮಾ ಲೈಸೆನ್ಸ್ ತೋರಸಪಾ" ಅಂತ ಒಂದು ಮಾತು ಕೇಳಾಕ ಏನು ಸಂಕೋಚ? ಲೈಸೆನ್ಸ್ ಇದ್ದವ ಸಿಟ್ಟಾಗಂಗಿಲ್ಲ. ಮೀಟರ್ ಸೀಲ್ ಮಾತ್ರ ಯಾರೂ ಮುಟ್ಟಂಗಿಲ್ಲ, ಅದು ಹೆಸ್ಕಾಂನವ್ರ ಕೆಲಸ. ಎಸಿ ಗೀಜರ್ ಕೂಡಿಸೋ ಮುಂಚೆ ನಿಮ್ಮ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಐತಿ ನೋಡ್ರಿ, ಸಾಲಂಗಿಲ್ಲ ಅಂದ್ರ ಅರ್ಜಿ ಕೊಟ್ಟು ಹೆಚ್ಚು ಮಾಡಿಸ್ಕೊಳ್ರಿ.

ರೊಕ್ಕ ಒಮ್ಮೆಲೆ ಆಗಂಗಿಲ್ಲ ಅನ್ನೋದು ನನಗೂ ಗೊತ್ತೈತಿ. ಹಂಗಿದ್ರ ಬಟನ್ ಕಡಿಗಿಡ್ರಿ. ಮೊದಲ ಅರ್ಥಿಂಗ್, ಆಮ್ಯಾಲ ಮೇನ್ ಬೋರ್ಡಿಗೆ ಎಂಸಿಬಿ ಆರ್‌ಸಿಸಿಬಿ, ಆಮ್ಯಾಲ ಅಡಗಿ ಮನಿ ಬಚ್ಚಲ ವೈರು, ಉಳಿದ ಕೋಲಿ ಮುಂದಿನ ವರ್ಷ ಮಾಡ್ಸಿದ್ರೂ ನಡಿತೈತಿ. ವೈರು ತಾಮ್ರದ್ದು, ಐಎಸ್‌ಐ ಗುರುತಿಂದು, ಲೈಟ್ ಫ್ಯಾನಿಗೆ 1.5, ಪವರ್ ಪ್ಲಗ್ಗಿಗೆ 2.5, ಗೀಜರ್ ಎಸಿಗೆ ಬ್ಯಾರೆ ಬ್ಯಾರೆ ಲೈನ್ 4 ಸ್ಕ್ವೇರ್ ಎಂಎಂ. ಮಣ್ಣಿನ ಗೋಡಿ ಇದ್ದವ್ರು ಗೋಡಿ ಕಡಸಾಕ ಹೋಗಬ್ಯಾಡ್ರಿ, ಮ್ಯಾಲ ಪಿವಿಸಿ ಪೈಪ್ ಎಳಸ್ರಿ, ಚಂದ ಕಾಣಂಗಿಲ್ಲ ಅಂತ ಮನಿ ಮಂದಿ ಅಂತಾರ, ಅನ್ಲಿ. ಇನ್ವರ್ಟರ್ ಇದ್ರ ಕೆಲಸ ಶುರು ಆಗೋ ಮುಂಚೆ ಅದನ್ನೂ ಬಂದ್ ಮಾಡ್ರಿ, ಮೇನ್ ತಗದ್ರೂ ಆ ಲೈನಿನಾಗ ಕರೆಂಟ್ ಇರ್ತೈತಿ.

ಕೆಲಸ ಮುಗಿತಂದ್ರ ಲೈಟ್ ಹತ್ತತಾವ ಅಂತ ನೋಡಿ ರೊಕ್ಕ ಕೊಟ್ಟು ಕಳಸಬ್ಯಾಡ್ರಿ. ವೈರಿನ ಮ್ಯಾಲಿನ ಹೊದಿಕಿ ಗಟ್ಟಿ ಐತೋ ಇಲ್ಲೋ ಅಳಿಯೋ ಮೆಗ್ಗರ್ ಹಚ್ಚಿ ತೋರಸು ಅನ್ರಿ, 500 ವೋಲ್ಟಿನ ಪರೀಕ್ಷಾದಾಗ ಕಮ್ಮೀತ ಕಮ್ಮಿ 1 ಮೆಗಾ ಓಂ ಬರಬೇಕು ಅಂತ ನಿಯಮ, ಹೊಸಾ ವೈರಿಗೆ ಅದಕ್ಕಿಂತ ಎಷ್ಟೋ ಮ್ಯಾಲ ಬರ್ತೈತಿ. ಯಾವ ಎಂಸಿಬಿ ಯಾವ ಕೋಲಿಗೆ ಅಂತ ಬರಸಿ ಬೋರ್ಡಿನ ಬಾಗಲಾಕ್ಕ ಒಳಗ ಅಂಟಿಸಿಸ್ಕೊಳ್ರಿ. ನಿಮ್ಮ ಮನಿ ಬೋರ್ಡಿನ ಬಗ್ಗೆ ಏನರ ಕೇಳೋದಿದ್ರ ಕೆಳಗ ಫೋಟೋ ಹಾಕ್ರಿ, ಬಿಚ್ಚಿ ತಗೀಬ್ಯಾಡ್ರಿ ಮತ್ತ, ಹೊರಗಿಂದ ತಗದ್ರ ಸಾಕು, ತಿಳದಷ್ಟು ಹೇಳ್ತೀನಿ.