ಪ್ರಶ್ನೆ ಕೇಳಿದವರೆಲ್ಲ ಸಸ್ಪಿಷಿಯಸ್ ಆಗಿಬಿಡ್ತಾರಾ?

'ಸಸ್ಪಿಷಿಯಸ್' ಅನ್ನೋ ಇಂಗ್ಲಿಷ್ ಪದವನ್ನು ನಾವು ತುಂಬಾ ಸಲೀಸಾಗಿ ಜನರ ಮೇಲೆ ಎಸೆಯುತ್ತೇವೆ. ಮೀಟಿಂಗಿನಲ್ಲಿ ಒಬ್ಬರು 'ಈ ಅಂಕಿ ಎಲ್ಲಿಂದ ಬಂತು?' ಅಂತ ಕೇಳಿದರೆ ಸಾಕು, 'ಅವರು ಯಾವಾಗಲೂ ಸಸ್ಪಿಷಿಯಸ್ ಬಿಡಿ' ಅನ್ನೋ ಮಾತು ಬಂದುಬಿಡುತ್ತದೆ. ಇದು ಅನ್ಯಾಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಂಕಿಗೆ ಆಧಾರ ಕೇಳುವುದು ಬೇರೆ, ಅಂಕಿ ಕೊಟ್ಟವರ ನಿಯತ್ತನ್ನು ಶಂಕಿಸುವುದು ಬೇರೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ 'ಸ್ಕೆಪ್ಟಿಕಲ್' ಅನ್ನೋ ಒಳ್ಳೆಯ ಪದ ಇದೆ.

ಸಸ್ಪಿಷಿಯಸ್ ಪದಕ್ಕೆ ಇನ್ನೊಂದು ತೊಡಕೂ ಇದೆ. ಅದು ಎರಡೂ ಕಡೆ ತಿರುಗುತ್ತದೆ. 'ಹಿ ಈಸ್ ಸಸ್ಪಿಷಿಯಸ್' ಅಂದರೆ ಅವನು ಅನುಮಾನ ಪಡುತ್ತಿದ್ದಾನಾ, ಅವನ ಮೇಲೇ ಅನುಮಾನ ಬರುವಂತಿದೆಯಾ? ಅಷ್ಟರಿಂದಲೇ ಹೇಳೋಕಾಗಲ್ಲ. ಪಕ್ಕದಲ್ಲಿ 'ಆಫ್' ಬಂದು 'ಸಸ್ಪಿಷಿಯಸ್ ಆಫ್ ದ ಆಫರ್' ಅಂತಾದರೆ ಅನುಮಾನ ಪಡುವವನು ಅವನೇ. 'ಸಸ್ಪಿಷಿಯಸ್ ಪ್ಯಾಕೇಜ್' ಅಂದಾಗ ಗೊಂದಲ ಇಲ್ಲ, ಪೊಟ್ಟಣ ಯಾರನ್ನೂ ಅನುಮಾನಿಸುವುದಿಲ್ಲವಲ್ಲ. ಆದರೆ ಮನುಷ್ಯರ ವಿಷಯದಲ್ಲಿ ಈ ಗೊಂದಲ ದುಬಾರಿ. 'ಸಂಶಯದ ಸ್ವಭಾವದವರು' ಅಂತ ಹೇಳಹೊರಟ ಮಾತು 'ಅನುಮಾನಾಸ್ಪದ ವ್ಯಕ್ತಿ' ಅಂತ ಇನ್ನೊಬ್ಬರ ಕಿವಿಗೆ ಬೀಳಬಹುದು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. 'ಡೌಟ್‌ಫುಲ್', 'ಡ್ಯೂಬಿಯಸ್' ಪದಗಳಿಗೂ ಇದೇ ಎರಡು ಮುಖದ ಗುಣ ಇದೆ.

ಸಸ್ಪಿಷಿಯಸ್, ಸ್ಕೆಪ್ಟಿಕಲ್ ಎರಡೂ ಪದಗಳ ಬೇರಿನಲ್ಲಿ ಇರುವುದು ನೋಟವೇ. ಸಸ್ಪಿಷಿಯಸ್ ಲ್ಯಾಟಿನ್ ಮೂಲದ್ದು, ಕೆಳಗಿನಿಂದ ಮೇಲಕ್ಕೆ ನೋಡುವುದು ಅಂತ ಅದರ ಬೇರಿನ ಅರ್ಥ. ಆ ಲ್ಯಾಟಿನ್ ಕ್ರಿಯಾಪದಕ್ಕೆ ಗೌರವದಿಂದ ತಲೆಯೆತ್ತಿ ನೋಡುವುದು ಅನ್ನೋ ಅರ್ಥವೂ ಇತ್ತು. ಇಂಗ್ಲಿಷಿಗೆ ಬಂದದ್ದು ಅನುಮಾನ ಮಾತ್ರ. ಸ್ಕೆಪ್ಟಿಕಲ್ ಗ್ರೀಕ್ ಮೂಲದ್ದು, ಸರಿಯಾಗಿ ನೋಡಿ ಪರೀಕ್ಷಿಸುವುದು ಅಂತ. ಸ್ಕೆಪ್ಟಿಕ್‌ಗಳು ಅನ್ನೋ ಪ್ರಾಚೀನ ಗ್ರೀಕ್ ತತ್ವಜ್ಞಾನಿಗಳ ಪಂಥದ ಸೆಕ್ಸ್‌ಟಸ್ ಎಂಪಿರಿಕಸ್ ಹುಡುಕುವವರನ್ನು ಮೂರು ಗುಂಪು ಮಾಡಿದ್ದ. ಸತ್ಯ ಸಿಕ್ಕಿತು ಅನ್ನುವವರು, ಅದು ಸಿಗುವುದೇ ಇಲ್ಲ ಅನ್ನುವವರು, ಇನ್ನೂ ಹುಡುಕುತ್ತಲೇ ಇರುವವರು. ಮೂರನೆಯವರೇ ಸ್ಕೆಪ್ಟಿಕ್‌ಗಳು. ಎಷ್ಟು ಚಂದದ ವಿಂಗಡಣೆ! ಅದರಲ್ಲಿ ಯಾರ ಮೇಲೂ ಆರೋಪ ಇಲ್ಲ. 1660ರಲ್ಲಿ ಲಂಡನ್ನಿನಲ್ಲಿ ಶುರುವಾದ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಧ್ಯೇಯವಾಕ್ಯವೂ 'ಯಾರೋ ಹೇಳಿದರು ಅಂತ ಒಪ್ಪಬೇಡ' ಅನ್ನುವ ಅರ್ಥದ್ದೇ. ಹೀಗೆ ಕೇಳುವುದು ವಿಜ್ಞಾನಿಗಳ ದಿನನಿತ್ಯದ ಕೆಲಸ, ಅದರಿಂದ ಸಹೋದ್ಯೋಗಿಗೆ ಅವಮಾನ ಆಗುವುದಿಲ್ಲ.

ನಾವು ಎಡವುವುದಕ್ಕೆ ಒಂದು ಕಾರಣ 'ಅನುಮಾನ' ಅನ್ನೋ ಪದ ಅಂತ ನನಗನ್ನಿಸುತ್ತದೆ. 'ಅವನೇ ತಗೊಂಡಿದ್ದಾನೆ ಅಂತ ಅನುಮಾನ' ಅಂದರೆ ತಗೊಂಡಿರಬಹುದು ಅಂತ. 'ಅವನು ಬರೋದು ಅನುಮಾನ' ಅಂದರೆ ಬರಲಿಕ್ಕಿಲ್ಲ ಅಂತ. ಒಂದೇ ಪದ, ಎರಡು ದಿಕ್ಕು! ಇಂಗ್ಲಿಷಿನಲ್ಲಿ ಮೊದಲನೆಯದು 'ಸಸ್ಪೆಕ್ಟ್', ಎರಡನೆಯದು 'ಡೌಟ್'. 'ಐ ಡೌಟ್ ಹಿ ಟುಕ್ ಇಟ್' ಅಂದರೆ ಅವನು ತಗೊಂಡಿರಲಿಕ್ಕಿಲ್ಲ ಅಂತ ಅರ್ಥ. ಇದನ್ನು ಕಳ್ಳತನದ ಆರೋಪ ಅಂದುಕೊಂಡು ಓದುವವರು ನಮ್ಮಲ್ಲಿ ಇದ್ದಾರೆ. ಸಮರ್ಥನೆಗೆ ಬರೆದ ವಾಕ್ಯ ಹೀಗೆ ತಲೆಕೆಳಗಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು ಈ ಜೋಡಿಯನ್ನು ಒಟ್ಟಿಗೇ ಕಲಿಸಬೇಕು.

ಇದೇ ಬಳಗದ ಇನ್ನೆರಡು ಇಂಗ್ಲಿಷ್ ಪದಗಳೂ ಇವೆ. 'ಡಿಸ್‌ಟ್ರಸ್ಟ್‌ಫುಲ್' ಅಂದರೆ ನಂಬಿಕೆಯೇ ಇಲ್ಲದವರು. 'ವೇರಿ' (wary) ಅಂದರೆ ಮೈಯೆಲ್ಲ ಕಣ್ಣಾಗಿ ಇರುವವರು. ಹೊಸಬರ ಜೊತೆ ವ್ಯವಹಾರಕ್ಕೆ ಇಳಿದವರ ಬಗ್ಗೆ ಹೇಳುವಾಗ ಹಲವು ಸಲ ಈ ಪದವೇ ಸಾಕು.

ಮೇಲ್ ಬರೆಯುವಾಗ ಗಮನಿಸಿ ನೋಡಿ. 'ಐ ಆಮ್ ಸ್ಕೆಪ್ಟಿಕಲ್ ಅಬೌಟ್ ದೀಸ್ ನಂಬರ್ಸ್' ಅಂದರೆ ಎದುರಿನವರು ಆಧಾರ ತೋರಿಸಿ ಮುಂದೆ ಹೋಗಬಹುದು. ಅದೇ ಜಾಗದಲ್ಲಿ ಸಸ್ಪಿಷಿಯಸ್ ಅಂತ ಹಾಕಿದರೆ, ಆಧಾರಕ್ಕಿಂತ ಮೊದಲು ಅವರು ತಮ್ಮ ಪ್ರಾಮಾಣಿಕತೆಯನ್ನು ಸಾಬೀತು ಮಾಡಬೇಕಾಗುತ್ತದೆ.